ಕಾರು ರಿಪೇರಿ: ಎಲ್ಲಿವರೆಗೆ ನಾವೇ, ಎಲ್ಲಿಂದ ಮೆಕ್ಯಾನಿಕ್?

ಓದುಗರ ಪ್ರಶ್ನೆ: ಆಯಿಲ್, ಏರ್ ಫಿಲ್ಟರ್, ಬ್ಯಾಟರಿ ಇವನ್ನೆಲ್ಲ ನಾನೇ ಬದಲಾಯಿಸಿಕೊಳ್ಳುತ್ತೇನೆ. ಈಗ ನನ್ನ ಪೆಟ್ರೋಲ್ ಕಾರು ಸ್ಟಾರ್ಟ್ ಮಾಡಿ ಓಡಿಸದೆ ನಿಲ್ಲಿಸಿಕೊಂಡಿದ್ದರೆ ನಡುಗುತ್ತದೆ. ಚೆಕ್ ಎಂಜಿನ್ ಲೈಟ್ ಹತ್ತಿದೆ. ಜೊತೆಗೆ ಟೈಮಿಂಗ್ ಬೆಲ್ಟ್ ಬದಲಾಯಿಸುವ ಹೊತ್ತೂ ಬಂದಿದೆ. ಎರಡಕ್ಕೂ ವಿಡಿಯೋ ಸಿಗುತ್ತವೆ, ನೋಡಿದರೆ ಮಾಡಬಹುದು ಅನ್ನಿಸುತ್ತದೆ. ನಾನೇ ಕೈ ಹಾಕಲೇ, ದುಡ್ಡು ಕೊಟ್ಟು ಮಾಡಿಸಲೇ?

ಉತ್ತರ: ಮೊದಲನೆಯದಕ್ಕೆ ಧೈರ್ಯವಾಗಿ ಕೈ ಹಾಕಿ. ಎರಡನೆಯದನ್ನು ಮೆಕ್ಯಾನಿಕ್‌ಗೆ ಬಿಡಿ. ಎರಡರಲ್ಲೂ ಬಿಚ್ಚುವುದು ಬೋಲ್ಟುಗಳನ್ನೇ, ಮತ್ತೆ ಯಾಕೆ ಈ ಭೇದ ಅಂತ ಕೇಳಬಹುದು.

ಕೆಲಸ ಕಷ್ಟವೋ ಸುಲಭವೋ ಅಂತ ಅಳೆಯಲು ಹೊರಟರೆ ಉತ್ತರ ಸಿಗುವುದಿಲ್ಲ. ನಾನು ಕೇಳುವುದು ಬೇರೆ. ತಪ್ಪಾದರೆ ಅದು ನನಗೆ ಯಾವಾಗ ಗೊತ್ತಾಗುತ್ತದೆ? ಗೊತ್ತಾಗುವ ಹೊತ್ತಿಗೆ ಎಷ್ಟು ಹಾಳಾಗಿರುತ್ತದೆ? ಅರ್ಧಕ್ಕೆ ನಿಲ್ಲಿಸಿ ಮೊದಲಿದ್ದ ಹಾಗೇ ಜೋಡಿಸಿ ಕಾರು ಓಡಿಸಬಹುದಾ? ಈ ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಎಷ್ಟು ತಲೆನೋವಿನ ಕೆಲಸವಾದರೂ ಕಲಿಯಬಹುದು.

ನಿಮ್ಮ ನಡುಗುವ ಎಂಜಿನ್ ನೋಡೋಣ. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಸಿಕ್ಕಿಸುವ ಓಬಿಡಿ ರೀಡರ್ ಒಂದನ್ನು ತಂದು, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಿ. ಪಿ0301 ಅಂತ ಬಂತು ಅಂದುಕೊಳ್ಳಿ. ಅಂದರೆ ಒಂದನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಕೋಡ್ ನೋಡಿದ ತಕ್ಷಣ ಹೊಸ ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ) ಕೊಂಡು ತರುತ್ತಾರೆ. ಕೋಡ್ ಹೇಳುವುದು ತೊಂದರೆ ಎಲ್ಲಿ ಕಾಣಿಸಿತು ಅನ್ನುವುದನ್ನು ಮಾತ್ರ. ಯಾಕೆ ಅನ್ನುವುದನ್ನು ನಾವೇ ಹುಡುಕಬೇಕು. ಕಾಯಿಲ್ ಇರಬಹುದು, ಕಿಡಿ ಹೊತ್ತಿಸುವ ಪ್ಲಗ್ ಇರಬಹುದು, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಇರಬಹುದು, ವಾಲ್ವ್ ಸರಿಯಾಗಿ ಮುಚ್ಚದೆ ಕಂಪ್ರೆಷನ್ನೇ (ಸಿಲಿಂಡರಿನೊಳಗಿನ ಒತ್ತಡ) ಬರದೆ ಇರಬಹುದು.

ಪ್ರತಿ ಪ್ಲಗ್‌ಗೂ ಒಂದೊಂದು ಕಾಯಿಲ್ ಇರುವ ಎಂಜಿನ್ ಆದರೆ ದುಡ್ಡಿಲ್ಲದೆ ಪತ್ತೆ ಮಾಡುವ ದಾರಿ ಇದೆ. ಎಂಜಿನ್ ತಣ್ಣಗಾಗಲಿ, ಇಗ್ನಿಷನ್ ಆಫ್ ಇರಲಿ. ಒಂದನೇ ಸಿಲಿಂಡರಿನ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಒಂದಕ್ಕೆ. ಕೋಡ್ ಅಳಿಸಿ ಮತ್ತೆ ಸ್ಟಾರ್ಟ್ ಮಾಡಿ. ಈಗ ಪಿ0303 ಬಂದರೆ ತೊಂದರೆ ಕಾಯಿಲ್ ಜೊತೆಗೇ ನಡೆದು ಹೋಯಿತು, ಕಳ್ಳ ಸಿಕ್ಕಿಬಿದ್ದ. ಮತ್ತೆ ಪಿ0301 ಬಂದರೆ ಕಾಯಿಲ್ ಸರಿ ಇದೆ, ಪ್ಲಗ್‌ಗಳನ್ನು ಹಾಗೇ ಅದಲುಬದಲು ಮಾಡಿ ನೋಡಿ. ಆಗಲೂ ಒಂದನೆಯದೇ ಹಟ ಹಿಡಿದರೆ ಅಲ್ಲಿಗೆ ನಿಲ್ಲಿಸಿ. ಮುಂದೆ ಇಂಜೆಕ್ಟರ್, ವೈರಿಂಗ್, ಕಂಪ್ರೆಷನ್ ಪರೀಕ್ಷೆ ಬೇಕು. ಅದು ಸಲಕರಣೆ ಇರುವವರ ಕೆಲಸ.

ಇಡೀ ಕೆಲಸದಲ್ಲಿ ಯಾವ ಹಂತದಲ್ಲಿ ಬೇಕಾದರೂ ನಿಲ್ಲಿಸಬಹುದು, ಅಲ್ವಾ? ಎಚ್ಚರ ಬೇಕಾಗಿರುವುದು ಪ್ಲಗ್ ಕೂರಿಸುವಾಗ. ಸಿಲಿಂಡರ್ ಹೆಡ್ ಸಾಮಾನ್ಯವಾಗಿ ಅಲ್ಯೂಮಿನಿಯಂನದು, ಥ್ರೆಡ್ ಮೆತ್ತಗೆ. ಮೊದಲ ಕೆಲವು ಸುತ್ತು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಿಗಿ ಅನ್ನಿಸಿದರೆ ಪ್ಲಗ್ ಓರೆಯಾಗಿದೆ ಅಂತ, ವಾಪಸ್ ತೆಗೆದು ಮತ್ತೆ ಕೂರಿಸಿ. ಕೊನೆಯ ಬಿಗಿಗೆ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ) ಬಳಸಿ, ಲೆಕ್ಕ ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಇನ್ನೊಂದು ಮಾತು: ಚೆಕ್ ಎಂಜಿನ್ ಲೈಟ್ ಒಂದೇ ಸಮನೆ ಹತ್ತಿಕೊಂಡಿರದೆ ಮಿನುಗುತ್ತಿದ್ದರೆ ಕಾರು ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಆ ಖರ್ಚಿನ ಮುಂದೆ ಕಾಯಿಲ್ ಖರ್ಚು ಏನೂ ಅಲ್ಲ.

ಟೈಮಿಂಗ್ ಬೆಲ್ಟ್ ಕಥೆಯೇ ಬೇರೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ಬಂದಾಗ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಸರಿಯಾಗಿ ಒಂದು ಸುತ್ತು ಬರಬೇಕು. ಅದನ್ನು ಹಿಡಿದಿರುವುದು ಆ ಬೆಲ್ಟಿನ ಹಲ್ಲುಗಳು. ಹೊಸ ಬೆಲ್ಟ್ ಕೂರಿಸುವಾಗ ಕ್ರ್ಯಾಂಕ್, ಕ್ಯಾಮ್‌ಗಳ ಪುಲ್ಲಿ ಮೇಲಿನ ಗುರುತು ತಪ್ಪಿದರೆ ವಾಲ್ವ್‌ಗಳು ಹೊತ್ತಲ್ಲದ ಹೊತ್ತಿಗೆ ತೆರೆಯುತ್ತವೆ. ಒಂದು ಹಲ್ಲು ತಪ್ಪಿದರೆ ಎಂಜಿನ್ ನಡುಗಬಹುದು, ಎಳೆತ ಕಡಿಮೆಯಾಗಬಹುದು. ಜಾಸ್ತಿ ತಪ್ಪಿದರೆ, ಅದೂ ಇಂಟರ್‌ಫಿಯರೆನ್ಸ್ ಎಂಜಿನ್ (ಪಿಸ್ಟನ್, ತೆರೆದ ವಾಲ್ವ್ ಎರಡೂ ಒಂದೇ ಜಾಗಕ್ಕೆ ಬರುವಂಥದ್ದು) ಆದರೆ, ಮೇಲೆ ಬರುವ ಪಿಸ್ಟನ್ ತೆರೆದಿರುವ ವಾಲ್ವ್‌ಗೆ ಹೊಡೆಯುತ್ತದೆ. ವಾಲ್ವ್ ಬಾಗುತ್ತದೆ. ಕೀ ತಿರುಗಿಸಿದ ಆ ಕ್ಷಣದಲ್ಲೇ ಬೆಲ್ಟ್ ಕೆಲಸ ಹೋಗಿ ಎಂಜಿನ್ ಕೆಲಸ ಆಗಿರುತ್ತದೆ.

ಅನುಭವಸ್ಥ ಮೆಕ್ಯಾನಿಕ್ ಕೆಲಸ ಮಾಡುವುದನ್ನು ನೋಡಿ. ಬೆಲ್ಟ್ ಕೂರಿಸಿ, ಅದನ್ನು ಎಳೆದು ಹಿಡಿಯುವ ಟೆನ್ಷನರ್ ಬಿಗಿ ಮಾಡಿದ ಮೇಲೂ ಆತ ಕೀ ಮುಟ್ಟುವುದಿಲ್ಲ. ಕ್ರ್ಯಾಂಕ್ ಬೋಲ್ಟ್‌ಗೆ ಪಾನಾ ಹಾಕಿ ಕೈಯಲ್ಲೇ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸುತ್ತಾನೆ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸುತ್ತಾನೆ. ಆಮೇಲೆ ಗುರುತುಗಳು ಮತ್ತೆ ಎದುರುಬದುರು ಬಂದವಾ ಅಂತ ಟಾರ್ಚ್ ಬಿಟ್ಟು ನೋಡುತ್ತಾನೆ. ವಿಡಿಯೋಗಳಲ್ಲಿ ಇದು ನಾಲ್ಕು ಸೆಕೆಂಡಿನಲ್ಲಿ ಹಾರಿಹೋಗುತ್ತದೆ. ಕೈಗೆ ತಾಕಿದ್ದು ಕಂಪ್ರೆಷನ್ನಿನ ಮಾಮೂಲಿ ಒತ್ತಡವೋ ವಾಲ್ವ್ ತಾಕಿದ್ದೋ ಅಂತ ಹೇಳುವುದು ಕೈಗೆ ಅಭ್ಯಾಸವಿದ್ದರೆ ಮಾತ್ರ. ನಾವು ದುಡ್ಡು ಕೊಡುವುದು ಆ ಅಭ್ಯಾಸಕ್ಕೆ.

ಬ್ರೇಕ್ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಪ್ರಶ್ನೆ ಅದೇ ಇರುತ್ತದೆ. ಪ್ಯಾಡ್ ಬದಲಾಯಿಸುವುದು ಕಲಿಯಬಹುದಾದ ಕೆಲಸವೇ, ಮೊದಲ ಸಲ ಗೊತ್ತಿರುವವರು ಪಕ್ಕದಲ್ಲಿರಲಿ. ಆದರೆ ಬ್ರೇಕ್ ಪೈಪ್ ಬಿಚ್ಚುವ ಹಂತಕ್ಕೆ ಹೋಗಬೇಡಿ. ಒಳಗೆ ಗಾಳಿ ಸೇರಿದರೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗುತ್ತದೆ. ಕೆಲವು ಕಾರುಗಳಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕದೊಳಗಿನ ಗಾಳಿ ತೆಗೆಯಲು ಸ್ಕ್ಯಾನರ್ ಬೇಕು. ಪ್ಯಾಡ್ ಹಾಕಿದ ಮೇಲೆ ಕಾರು ಹೊರಡಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೂ ಹಲವು ಸಲ ತುಳಿಯಿರಿ. ಇಲ್ಲದಿದ್ದರೆ ಮೊದಲ ಸಲ ಬ್ರೇಕ್ ಒತ್ತಿದಾಗ ಪೆಡಲ್ ನೆಲ ಮುಟ್ಟುತ್ತದೆ.

ಕೆಲವಕ್ಕಂತೂ ಕೈ ಹಾಕಲೇಬೇಡಿ. ಏರ್‌ಬ್ಯಾಗ್ ವೈರಿಂಗ್. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳು, ಅವುಗಳಲ್ಲಿರುವ ವೋಲ್ಟೇಜ್ ಜೀವ ತೆಗೆಯುತ್ತದೆ. ಸಸ್ಪೆನ್ಷನ್ ಸ್ಟ್ರಟ್‌ನ ಸ್ಪ್ರಿಂಗ್, ಒತ್ತಿ ಹಿಡಿದದ್ದು ಜಾರಿದರೆ ಗುಂಡಿನಂತೆ ಸಿಡಿಯುತ್ತದೆ. ಎಸಿ ಗ್ಯಾಸ್ ಕೂಡ ಈ ಪಟ್ಟಿಯಲ್ಲೇ ಇರಲಿ. ಇನ್ನು ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವ ಕೆಲಸಕ್ಕೂ ನುಸುಳಬೇಡಿ. ಗಟ್ಟಿ ನೆಲ, ಎರಡು ಜಾಕ್ ಸ್ಟ್ಯಾಂಡ್, ಚಕ್ರಗಳಿಗೆ ತಡೆ ಇದ್ದರೆ ಮಾತ್ರ.

ದುಡ್ಡಿನ ವಿಷಯ. ಜನ ಮಜೂರಿ ಉಳಿಯಿತು ಅಂತ ಲೆಕ್ಕ ಹಾಕುತ್ತಾರೆ, ಆ ಒಂದೇ ಕೆಲಸಕ್ಕೆ ಕೊಂಡ ಸಲಕರಣೆಯನ್ನು ಲೆಕ್ಕಕ್ಕೆ ತರುವುದಿಲ್ಲ. ಟಾರ್ಕ್ ರೆಂಚ್, ಮಲ್ಟಿಮೀಟರ್, ಓಬಿಡಿ ರೀಡರ್ ವರ್ಷಗಟ್ಟಲೆ ಬೇಕಾಗುತ್ತವೆ, ಕೊಳ್ಳಿ. ಬೆಲ್ಟ್ ಬದಲಾಯಿಸುವಾಗ ಕ್ಯಾಮ್ ಅಲುಗದಂತೆ ಲಾಕ್ ಮಾಡುವ ಕಿಟ್ ಒಮ್ಮೆ ಬಳಸಿ ಮೂಲೆ ಸೇರುತ್ತದೆ. ತುಕ್ಕು ಹಿಡಿದ ಬೋಲ್ಟ್ ಮುರಿದರೆ ಎಲ್ಲ ಲೆಕ್ಕವೂ ತಲೆಕೆಳಗಾಗುತ್ತದೆ. ಹಳೆ ಕಾರಾದರೆ ಇದನ್ನು ಮೊದಲೇ ಊಹಿಸಿಕೊಳ್ಳಿ. ಓಡಾಡಲು ಇರುವುದು ಅದೊಂದೇ ಕಾರು, ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು ಅಂದರೆ ಸಂಜೆ ಪಾನಾ ಹಿಡಿಯಲೇಬೇಡಿ.

ಎಲ್ಲವನ್ನೂ ನಾನೇ ಮಾಡಬೇಕು, ಇಲ್ಲ ಎಲ್ಲವನ್ನೂ ಗ್ಯಾರೇಜಿಗೇ ಬಿಡಬೇಕು ಅಂತ ಯಾರೂ ಕಟ್ಟು ಹಾಕಿಲ್ಲ. ಪತ್ತೆ ಮಾಡಿಕೊಡಿ ಸಾಕು ಅಂತ ಕೇಳಿ, ಅದಕ್ಕೆ ಮಾತ್ರ ದುಡ್ಡು ಕೊಡಬಹುದು. ನನ್ನ ಕೇಳಿದರೆ ಒಳ್ಳೆ ಮೆಕ್ಯಾನಿಕ್‌ನ ಬೆಲೆ ಇರುವುದೇ ಅಲ್ಲಿ. ಯಾವ ಭಾಗ ಕೆಟ್ಟಿದೆ ಅಂತ ಖಾತ್ರಿಯಾದ ಮೇಲೆ ಬದಲಾಯಿಸುವುದು ಎಷ್ಟೋ ಸಲ ನಿಮ್ಮ ಕೈಯಲ್ಲೇ ಆಗುತ್ತದೆ. ಆದರೆ ಅರ್ಧ ಬಿಚ್ಚಿದ ಎಂಜಿನ್ ತೆಗೆದುಕೊಂಡು ಹೋಗಿ 'ಇನ್ನೇನು ಸ್ವಲ್ಪ ಇದೆ' ಅನ್ನಬೇಡಿ. ಏನು ಬಿಚ್ಚಿದ್ದೀರಿ, ಯಾವ ಬೋಲ್ಟ್ ಎಲ್ಲಿಯದು ಅಂತ ಆತ ಮೊದಲಿಂದ ನೋಡಬೇಕಾಗುತ್ತದೆ, ಬಿಲ್ಲೂ ಹಾಗೇ ಬರುತ್ತದೆ.

ಕೊನೆಗೆ ನಿಮ್ಮ ಎರಡು ಕೆಲಸಗಳ ಸರದಿ. ಮೊದಲು ಮಿಸ್ ಹೊಡೆಯುವುದನ್ನು ಪತ್ತೆ ಮಾಡಿ, ಆಮೇಲೆ ಬೆಲ್ಟ್ ಬದಲು ಮಾಡಿಸಿ. ಕಂಪ್ರೆಷನ್ ಕಡಿಮೆ ಅಂತ ಬಂದರೆ ಸಿಲಿಂಡರ್ ಹೆಡ್ ಬಿಚ್ಚಬೇಕಾಗಬಹುದು, ಆಗ ಬೆಲ್ಟ್ ಹೇಗೂ ಹೊರಗೆ ಬರುತ್ತದೆ. ಒಂದೇ ಮಜೂರಿಯಲ್ಲಿ ಎರಡೂ ಮುಗಿಯುತ್ತದೆ. ನಿಮ್ಮ ಕಾರಿನಲ್ಲಿ ವಾಟರ್ ಪಂಪ್ ಅದೇ ಬೆಲ್ಟ್‌ನಿಂದ ತಿರುಗುವುದಾದರೆ ಪಂಪ್ ಮತ್ತು ಟೆನ್ಷನರ್ ಎರಡನ್ನೂ ಆಗಲೇ ಬದಲಾಯಿಸಲು ಹೇಳಿ. ಹಾಗಂತ ಪತ್ತೆ ಕೆಲಸವನ್ನು ತಿಂಗಳುಗಟ್ಟಲೆ ಎಳೆಯಬೇಡಿ. ಅವಧಿ ಮುಗಿದ ಬೆಲ್ಟ್ ಯಾವತ್ತು ಬೇಕಾದರೂ ಹರಿಯಬಹುದು.