ಪದ ಪರಿಚಯ: ಜ್ಯಾಮ್ ಎಂದರೆ ಜುಗಲ್‌ಬಂದಿಯಲ್ಲ

ಕಳೆದ ತಿಂಗಳು ಕೈಗೆ ಬಂದ ಒಂದು ಸಂಗೀತ ಸಂಜೆಯ ಆಹ್ವಾನ ಪತ್ರಿಕೆಯಲ್ಲಿ ‘ವೀಣೆ–ಗಿಟಾರ್ ಜ್ಯಾಮ್’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ವಿವರ: ವೀಣೆ ಎಂಟು ನಿಮಿಷ, ಗಿಟಾರ್ ಎಂಟು ನಿಮಿಷ, ಕೊನೆಗೆ ಇಬ್ಬರೂ ಸೇರಿ ಆರು ನಿಮಿಷ. ಹೋಗಿ ಕೇಳಿದೆ. ಇಬ್ಬರೂ ಒಳ್ಳೆಯ ಕಲಾವಿದರು. ಸಿದ್ಧ ಮಾಡಿಕೊಂಡು ಬಂದದ್ದನ್ನು ಅಚ್ಚುಕಟ್ಟಾಗಿ ನುಡಿಸಿದರು. ಆದರೆ ಅಲ್ಲಿ ಜ್ಯಾಮ್ ಎಂಬುದು ಒಂದು ಕ್ಷಣವೂ ನಡೆಯಲಿಲ್ಲ. ಅದಾಗಿ ವಾರ ಕಳೆಯುವುದರೊಳಗೆ ‘ಜ್ಯಾಮ್, ಅಂದರೆ ನಮ್ಮ ಜುಗಲ್‌ಬಂದಿ’ ಎಂಬ ವಾಕ್ಯ ಕಣ್ಣಿಗೆ ಬಿತ್ತು. ಅದೂ ಎಲ್ಲಿ? ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್ 1977ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಕಛೇರಿಯ ಧ್ವನಿಮುದ್ರಣವನ್ನು ಮನಸಾರೆ ಹೊಗಳುವ ಬರಹದಲ್ಲಿ. ಆ ತಂಡವನ್ನು ಪ್ರೀತಿಯಿಂದ ಕೇಳುವವರೇ ಹೀಗೆ ಬರೆದರೆ ಸುಮ್ಮನಿರುವುದು ಕಷ್ಟ.

ಮೊದಲು ಪದದ ಹುಟ್ಟು. ಇಂಗ್ಲಿಷಿನಲ್ಲಿ ಈ ಪದ ಹದಿನೆಂಟನೆಯ ಶತಮಾನದಿಂದ ಬಳಕೆಯಲ್ಲಿದೆ. ಮೂಲದಲ್ಲಿ ಅದು ಕ್ರಿಯಾಪದ: ಒತ್ತು, ಅದುಮು, ಇಕ್ಕಟ್ಟಿನಲ್ಲಿ ತುರುಕು. ಕನ್ನಡಕ್ಕೆ ಬಂದದ್ದೂ ಮೊದಲು ಈ ಅರ್ಥದಲ್ಲಿಯೇ. ಬೀಗ ಜಾಮ್ ಆಗುತ್ತದೆ, ಗೇರ್ ಜಾಮ್ ಆಗುತ್ತದೆ, ಮಳೆ ಬಂದ ಸಂಜೆ ರಸ್ತೆಯೇ ಜಾಮ್ ಆಗುತ್ತದೆ. ಬ್ರೆಡ್ಡಿಗೆ ಹಚ್ಚುವ ಜಾಮ್ ಕೂಡ ಹಣ್ಣನ್ನು ಅದುಮಿ ಮಾಡುವುದರಿಂದಲೇ ಆ ಹೆಸರು ಪಡೆದಿರಬೇಕು. ಗಜಲ್‌ಗಳಲ್ಲಿ ಬರುವ ಮಧುಪಾತ್ರೆಯ ‘ಜಾಮ್’ ಪಾರಸಿ ಪದ. ರಾತ್ರಿಯ ‘ಜಾಮ’ ಸಂಸ್ಕೃತದ ಯಾಮ. ‘ಜಮಾಯಿಸು’ ಅರಬ್ಬಿಯಿಂದ ಬಂದದ್ದು. ಹತ್ತು ಜನ ಜಮಾಯಿಸಿ ನುಡಿಸುವುದರಿಂದ ಜ್ಯಾಮ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸದ್ದು ಹೋಲುತ್ತದೆ, ಸಂಬಂಧವಿಲ್ಲ.

ಸಂಗೀತಕ್ಕೆ ಈ ಪದ ದಾಟಿದ್ದು 1920ರ ದಶಕದ ಅಮೆರಿಕದಲ್ಲಿ, ಜಾಜ್ ವಾದಕರ ಬಾಯಲ್ಲಿ. ಹೇಗೆ ದಾಟಿತು ಎಂಬುದಕ್ಕೆ ಎಲ್ಲರೂ ಒಪ್ಪುವ ವಿವರಣೆ ಇಲ್ಲ, ಆದರೆ ಯಾವ ಸನ್ನಿವೇಶಕ್ಕೆ ಆ ಹೆಸರು ಅಂಟಿಕೊಂಡಿತು ಎಂಬುದು ಸ್ಪಷ್ಟವಾಗಿದೆ. ಸಂಜೆಯೆಲ್ಲ ಹೋಟೆಲುಗಳಲ್ಲಿ, ನೃತ್ಯಶಾಲೆಗಳಲ್ಲಿ ಬರೆದಿಟ್ಟ ಸಂಗೀತವನ್ನು ಸಂಬಳಕ್ಕಾಗಿ ನುಡಿಸಿದವರು ನಡುರಾತ್ರಿಯ ಮೇಲೆ ಒಂದು ಸಣ್ಣ ಕೋಣೆಯಲ್ಲಿ ಸೇರಿ ತಮಗಾಗಿ ನುಡಿಸುತ್ತಿದ್ದರು. 1940ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಮಿಂಟನ್ಸ್ ಪ್ಲೇಹೌಸ್ ಇಂಥ ಕೂಟಗಳಿಗೆ ಹೆಸರಾಗಿತ್ತು. ಥೆಲೋನಿಯಸ್ ಮಂಕ್ ಅಲ್ಲಿನ ಪಿಯಾನೋ ವಾದಕರು. ಬೀಬಾಪ್ ಎಂಬ ಹೊಸ ಶೈಲಿ ರೂಪುಗೊಂಡದ್ದರಲ್ಲಿ ಆ ರಾತ್ರಿಗಳ ಪಾಲು ದೊಡ್ಡದು. ಹೀಗೆ ನುಡಿಸುವುದನ್ನೇ ಮುಖ್ಯ ಮಾಡಿಕೊಂಡ ತಂಡಗಳಿಗೆ ಹೇಳುವ ‘ಜ್ಯಾಮ್ ಬ್ಯಾಂಡ್’ ಎಂಬ ಜೋಡುಪದ ಮಾತ್ರ ಬಹಳ ಈಚಿನದು, 1990ರ ದಶಕದಲ್ಲಿ ಚಾಲ್ತಿಗೆ ಬಂದದ್ದು. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಶುರುವಾದ ಗ್ರೇಟ್‌ಫುಲ್ ಡೆಡ್ ಅನ್ನು ಈಗ ಎಲ್ಲರೂ ಆ ಬಗೆಯ ತಂಡಗಳ ಮೂಲಪುರುಷ ಎನ್ನುತ್ತಾರೆ. ಅವರು ಆ ಹೆಸರು ಇಟ್ಟುಕೊಂಡು ಹೊರಟವರಲ್ಲ.

ಈಗ ಜುಗಲ್‌ಬಂದಿ. ಯುಗಲ ಎಂದರೆ ಜೋಡಿ, ಬಂದಿ ಎಂದರೆ ಕಟ್ಟು. ಸರಿಸಮಾನರಾದ ಇಬ್ಬರು ಒಂದು ರಾಗ, ಒಂದು ತಾಳವನ್ನು ಒಪ್ಪಿಕೊಂಡು ಕೂರುತ್ತಾರೆ; ಹಿಂದೆ ತಬಲಾ ಇರುತ್ತದೆ. ಒಬ್ಬರು ಒಂದು ಮಾತು ಹೇಳುತ್ತಾರೆ, ಇನ್ನೊಬ್ಬರು ಅದಕ್ಕೆ ಉತ್ತರ ಕೊಡುತ್ತಾರೆ. ಸವಾಲ್–ಜವಾಬ್ ಅದರ ಶಿಖರ. ಅಂದರೆ ಅಲ್ಲಿ ಸರದಿ ಇದೆ. ಸರದಿ ಇರುವುದು ಕೊರತೆಯಲ್ಲ, ಅದೇ ಆ ಪ್ರಕಾರದ ಸೊಗಸು. ಆದರೆ ನಾನು ಹೇಳುತ್ತಿರುವ ಜ್ಯಾಮ್‌ನಲ್ಲಿ ಸರದಿಯೇ ಇಲ್ಲ.

ಇದನ್ನು ನನಗೆ ಸರಿಯಾಗಿ ತಿಳಿಸಿಕೊಟ್ಟದ್ದು ಯಾವ ರಾಕ್ ವಿಮರ್ಶಕರೂ ಅಲ್ಲ, ಮೃದಂಗ ಕಲಿತ ನನ್ನ ಸೋದರಮಾವ. 1969ರ ನವೆಂಬರ್‌ನಲ್ಲಿ ಹೊರಬಂದ, ಗ್ರೇಟ್‌ಫುಲ್ ಡೆಡ್ ತಂಡದ ‘ಲೈವ್/ಡೆಡ್’ ಎಂಬ ಆಲ್ಬಮ್‌ನಲ್ಲಿ ‘ದಿ ಇಲೆವೆನ್’ ಎಂಬ ಹಾಡು ಇದೆ. ಹೆಸರೇ ಹೇಳುವಂತೆ ಹನ್ನೊಂದರ ಲೆಕ್ಕದ್ದು. ಮಾವನಿಗೆ ಕೇಳಿಸಿದೆ. ಮೂರು ಆವರ್ತನ ಮುಗಿಯುವುದರೊಳಗೆ ಅವರ ಬೆರಳು ತೊಡೆಯ ಮೇಲೆ ಎಣಿಸತೊಡಗಿತ್ತು. “ಮೂರು, ಮೂರು, ಮೂರು, ಎರಡು. ಸರಿಯಾಗಿದೆ ಕಣಯ್ಯಾ” ಎಂದರು. ಸ್ವಲ್ಪ ಹೊತ್ತು ಕೇಳಿ, ಹುಬ್ಬು ಗಂಟಿಕ್ಕಿ, “ಅದೆಲ್ಲ ಇರಲಿ, ಇದರಲ್ಲಿ ಪಕ್ಕವಾದ್ಯ ಯಾವುದು?” ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ: ಯಾವುದೂ ಅಲ್ಲ. ಜ್ಯಾಮ್ ಎಂಬ ಪದದ ಅರ್ಥ ಇರುವುದು ಇಲ್ಲಿಯೇ.

ಆ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವರು ಫಿಲ್ ಲೆಶ್. ತಂಡಕ್ಕೆ ಸೇರುವ ಮುನ್ನ ಅವರು ಬೇಸ್ ಮುಟ್ಟಿದವರೇ ಅಲ್ಲ. ಟ್ರಂಪೆಟ್ ನುಡಿಸಿದವರು, ಮಿಲ್ಸ್ ಕಾಲೇಜಿನಲ್ಲಿ ಇಟಲಿಯ ಲುಚಾನೋ ಬೇರಿಯೋ ಅವರಲ್ಲಿ ಸಂಗೀತ ರಚನೆ ಅಭ್ಯಾಸ ಮಾಡಿದವರು. ಹಾಗಾಗಿ ಅವರ ಬೇಸ್ ಉಳಿದವರ ಕಾಲ ಕೆಳಗಿನ ಹಾಸುಗಲ್ಲಾಗಿ ಬಿದ್ದಿರುವುದಿಲ್ಲ. ಅದು ತನ್ನದೇ ರಾಗವನ್ನು ಹಿಡಿದು ನಡೆಯುತ್ತದೆ. ಬಾಬ್ ವೀರ್ ಅವರದು ಎರಡನೆಯ ಗಿಟಾರ್. ಆ ಜಾಗದಲ್ಲಿ ಕುಳಿತವರು ಸಾಮಾನ್ಯವಾಗಿ ಒಂದೇ ಸಮನೆ ತಂತಿ ಮೀಟಿ ಆಸರೆ ಕೊಡುತ್ತಾರೆ. ವೀರ್ ಕಿವಿಗೊಟ್ಟು ಕಲಿತದ್ದು ಜಾಜ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ತಂಡದ ಪಿಯಾನೋ ವಾದಕ ಮೆಕಾಯ್ ಟೈನರ್ ಅವರ ಎಡಗೈಯಿಂದ. ಹಾಗಾಗಿ ಅವರು ಸಂದಿಗಳಲ್ಲಿ ಸ್ವರದ ತುಣುಕುಗಳನ್ನು ಎಸೆಯುತ್ತಾರೆ. ಜೆರ್ರಿ ಗಾರ್ಸಿಯಾ ಮುಖ್ಯ ಗಿಟಾರ್ ನಿಜ, ಆದರೆ ಬ್ಯಾಂಜೋದಿಂದ ಬಂದ ಅವರ ಬೆರಳುಗಳು ಒಂದೊಂದೇ ಸ್ವರವನ್ನು ಬಿಡಿಬಿಡಿಯಾಗಿ ಇಟ್ಟು ಉಳಿದವರಿಗೆ ಜಾಗ ಬಿಡುತ್ತವೆ. ಇವರ ಹಿಂದೆ ಇಬ್ಬರು ಡ್ರಮ್ ವಾದಕರು, ಬಿಲ್ ಕ್ರಾಯ್ಟ್ಸ್‌ಮನ್ ಮತ್ತು ಮಿಕಿ ಹಾರ್ಟ್. ಎಲ್ಲರೂ ಒಂದೇ ಹೊತ್ತಿನಲ್ಲಿ ಮಾತನಾಡುತ್ತಿರುತ್ತಾರೆ, ಎಲ್ಲರೂ ಒಂದೇ ಹೊತ್ತಿನಲ್ಲಿ ಕೇಳಿಸಿಕೊಳ್ಳುತ್ತಿರುತ್ತಾರೆ. ಪದದ ಮೂಲದಲ್ಲಿದ್ದ ಇಕ್ಕಟ್ಟಿನ ಅರ್ಥ ನನಗೆ ಸರಿ ಎನಿಸುವುದು ಇದಕ್ಕೇ. ಅಷ್ಟು ದನಿಗಳು ಒಂದೇ ಕ್ಷಣದೊಳಗೆ ಹೊಕ್ಕಿವೆ, ಒಂದು ಇನ್ನೊಂದನ್ನು ತುಳಿದಿಲ್ಲ.

ಜುಗಲ್‌ಬಂದಿ ಎನ್ನುವವರಿಗೆ ಒಂದು ನೆಪವಿದೆ, ಅದು ಸುಳ್ಳಲ್ಲ. 1967ರಲ್ಲಿ ತಂಡ ಸೇರಿದ ಮಿಕಿ ಹಾರ್ಟ್ ತಬಲಾ ವಾದಕ ಉಸ್ತಾದ್ ಅಲ್ಲಾ ರಖಾ ಅವರಲ್ಲಿ ಪಾಠ ಹೇಳಿಸಿಕೊಂಡವರು. 1976ರಲ್ಲಿ ಜಾಕಿರ್ ಹುಸೇನ್ ಅವರೊಂದಿಗೆ ‘ಡಿಗಾ’ ಎಂಬ ಆಲ್ಬಮ್ ಮಾಡಿದರು; 1991ರ ‘ಪ್ಲಾನೆಟ್ ಡ್ರಮ್’ನಲ್ಲಿ ವಿಕ್ಕು ವಿನಾಯಕರಾಮ್ ಅವರ ಘಟವೂ ಇದೆ. ಹನ್ನೊಂದು, ಹತ್ತು ಎಂಬ ಲೆಕ್ಕಗಳು ರಾಕ್ ತಂಡವೊಂದಕ್ಕೆ ಸಹಜವಾದದ್ದರಲ್ಲಿ ಈ ಪಾಠದ ಪ್ರಭಾವ ಇದ್ದೇ ಇದೆ. ಆದರೆ ಇಲ್ಲಿಂದ ಹೋದದ್ದು ತಾಳದ ಲೆಕ್ಕ, ಕಛೇರಿಯ ಕ್ರಮವಲ್ಲ. ಮೈಸೂರಿನಿಂದ ರೇಷ್ಮೆ ಹೋದ ಮಾತ್ರಕ್ಕೆ ಅಲ್ಲಿ ಹೊಲಿದ ಅಂಗಿ ಪಂಚೆಯಾಗುವುದಿಲ್ಲ.

ಹಾಗಾದರೆ ಕರ್ನಾಟಕ ಸಂಗೀತದ ‘ಮನೋಧರ್ಮ’, ಅಂದರೆ ಅಲ್ಲಲ್ಲೇ ಕಲ್ಪಿಸಿ ಹಾಡುವುದು, ಎನ್ನೋಣವೇ? ಜುಗಲ್‌ಬಂದಿಗಿಂತ ಎಷ್ಟೋ ಹತ್ತಿರದ ಪದ, ಆದರೂ ಒಪ್ಪಲಾರೆ. ಕಲ್ಪನಾಸ್ವರದಲ್ಲಿ ಗಾಯಕರು ಮುಂದೆ, ಪಿಟೀಲು ಹಿಂದೆ. ದಾರಿ ತೋರಿಸುವವರು ಯಾರೆಂಬ ಬಗ್ಗೆ ಅನುಮಾನವಿರುವುದಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದ ಹೋಲಿಕೆ ತಾಳಮದ್ದಳೆ. ಪ್ರಸಂಗ ಎಲ್ಲರಿಗೂ ಗೊತ್ತು, ಭಾಗವತರ ಪದ್ಯ ಗೊತ್ತು, ಕೊನೆಗೆ ಯಾರು ಸೋಲುತ್ತಾರೆ ಎಂಬುದೂ ಗೊತ್ತು. ಅರ್ಥ ಮಾತ್ರ ಆ ರಾತ್ರಿಯದು, ಎದುರಿಗೆ ಕುಳಿತ ಅರ್ಥಧಾರಿಯ ಮಾತಿನಿಂದ ಹುಟ್ಟುವಂಥದು. ಜ್ಯಾಮ್‌ನಲ್ಲಿ ಹಾಡೇ ಪ್ರಸಂಗ. ಅರ್ಥಧಾರಿಗಳೆಲ್ಲ ಒಟ್ಟಿಗೆ ಬಾಯಿ ತೆರೆದೂ ಪ್ರಸಂಗ ಕೆಡದಂತೆ ನಡೆದರೆ ಹೇಗಿರುತ್ತದೆಯೋ ಹಾಗೆ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಕಳೆಯಬೇಕು. ಜ್ಯಾಮ್ ಎಂದರೆ ತಯಾರಿಯಿಲ್ಲದೆ ತೋಚಿದ್ದನ್ನು ನುಡಿಸುವುದು ಎಂದು ಬಹಳ ಜನ ಬರೆಯುತ್ತಾರೆ. ಹನ್ನೊಂದರ ಲೆಕ್ಕ ತೋಚಿ ಬರುವಂಥದಲ್ಲ. ಅದನ್ನು ಮೈಗೂಡಿಸಿಕೊಳ್ಳಲು ಅವರು ಗಂಟೆಗಟ್ಟಲೆ ತಾಲೀಮು ಮಾಡಿದ್ದರು. ‘ಡಾರ್ಕ್ ಸ್ಟಾರ್’ ಎಂಬ ಹಾಡನ್ನು ನೋಡಿ. 1968ರಲ್ಲಿ ಸ್ಟುಡಿಯೋದಲ್ಲಿ ಮುದ್ರಿಸಿ ಸಣ್ಣ ತಟ್ಟೆಯಾಗಿ ಬಿಟ್ಟಾಗ ಅದು ಮೂರು ನಿಮಿಷವೂ ಇರಲಿಲ್ಲ. ಮರುವರ್ಷ ಫೆಬ್ರವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ವೆಸ್ಟ್‌ನಲ್ಲಿ ನುಡಿಸಿದಾಗ 23 ನಿಮಿಷ ದಾಟಿತು. ‘ಲೈವ್/ಡೆಡ್’ನ ಮೊದಲ ಬದಿಯಲ್ಲಿರುವುದು ಅದೇ. ಹಿಗ್ಗಿದ್ದು ಎಲ್ಲಿ? ಸಾಹಿತ್ಯದಲ್ಲಿ ಅಲ್ಲ, ಇರುವುದು ಎರಡೇ ಚರಣ. ಚರಣಗಳ ಆಚೀಚೆಯ ಬಯಲಿನಲ್ಲಿ. ಒಂದು ಪುಟ್ಟ ಸ್ವರಗುಚ್ಛ ಅವರೆಲ್ಲರಿಗೂ ಗುರುತಿನ ಕಲ್ಲಿನಂತೆ ಇತ್ತು. ಎಷ್ಟೇ ದೂರ ಹೋದರೂ ಅದು ಕಿವಿಗೆ ಬಿದ್ದರೆ ಎಲ್ಲರೂ ಹಾಡಿಗೆ ಮರಳಬಲ್ಲವರಾಗಿದ್ದರು. ಜ್ಯಾಮ್ ಎಂದರೇನು ಎಂದು ಕೇಳುವವರಿಗೆ ನಾನು ಮೊದಲು ಕೇಳಿಸುವುದು ಈ ಮುದ್ರಣವನ್ನು, ಕಾರ್ನೆಲ್ ಅನ್ನು ಅಲ್ಲ.

ಕಾರ್ನೆಲ್ ಬಗ್ಗೆ ನನಗೆ ತಕರಾರಿಲ್ಲ. 1977ರ ಮೇ 8ರಂದು ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಕಛೇರಿ ಅದು. ಮೇ ತಿಂಗಳಾದರೂ ಹೊರಗೆ ಹಿಮ ಬಿದ್ದಿತ್ತು. ತಂಡದ ಧ್ವನಿಮುದ್ರಣ ಮಾಡುತ್ತಿದ್ದ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅವರು ರೀಲುಗಳಲ್ಲಿ ಹಿಡಿದಿಟ್ಟದ್ದು ಎಷ್ಟು ಸ್ಪಷ್ಟವಾಗಿದೆಯೆಂದರೆ ಪ್ರತಿ ವಾದ್ಯವನ್ನೂ ಬೆರಳಿಟ್ಟು ತೋರಿಸಬಹುದು. ಆ ಹೆಣ್ಣುಮಗಳ ಕಿವಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ ಎಂದು ನನ್ನ ಅನಿಸಿಕೆ. ದಾಸ್ತಾನು ಕೋಣೆಯ ಬಾಡಿಗೆ ಕಟ್ಟಲಾಗದೆ 1986ರಲ್ಲಿ ಅವರ ರೀಲುಗಳು ಹರಾಜಾದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾರ್ನೆಲ್ ಮುದ್ರಣವನ್ನು ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ 2011ನೇ ಸಾಲಿನಲ್ಲಿ ಆಯ್ದುಕೊಂಡಿತು. ಅಧಿಕೃತ ಆಲ್ಬಮ್ ಬಂದದ್ದು ನಲವತ್ತು ವರ್ಷಗಳ ನಂತರ, 2017ರಲ್ಲಿ. ಅಲ್ಲಿಯವರೆಗೂ ಅದು ಕೇಳುಗರ ಕೈಯಿಂದ ಕೈಗೆ ದಾಟಿದ ಕ್ಯಾಸೆಟ್ಟುಗಳಲ್ಲಿ ಬದುಕಿತ್ತು.

ಆ ಕ್ಯಾಸೆಟ್ಟುಗಳನ್ನು ‘ಬೂಟ್‌ಲೆಗ್’ ಎಂದು ಬರೆಯುವುದೂ ಅಷ್ಟು ಸರಿಯಲ್ಲ. ಬೂಟಿನ ಕೊಳವೆಯಲ್ಲಿ ಹೆಂಡದ ಶೀಸೆ ಬಚ್ಚಿಟ್ಟು ಸಾಗಿಸುತ್ತಿದ್ದವರಿಂದ ಬಂದ ಪದ ಅದು. ಅಪ್ಪಣೆಯಿಲ್ಲದೆ ಮಾಡಿ ಹಣಕ್ಕೆ ಮಾರಿದ ಮುದ್ರಣಕ್ಕೆ ಸಲ್ಲುತ್ತದೆ. ಈ ತಂಡ ಕೇಳುಗರ ಮುದ್ರಣವನ್ನು ತಡೆಯಲಿಲ್ಲ. 1984ರಿಂದ ಸಭಾಂಗಣದಲ್ಲಿ ಅವರಿಗೆಂದೇ ಪ್ರತ್ಯೇಕ ಜಾಗ ಬಿಟ್ಟುಕೊಟ್ಟಿತು. ಟೇಪು ಬದಲಾಯಿಸಿಕೊಳ್ಳಬಹುದು, ಮಾರುವಂತಿಲ್ಲ, ಅಷ್ಟೇ ಷರತ್ತು.

ಕಾರ್ನೆಲ್‌ನಲ್ಲಿ ಜ್ಯಾಮ್ ಹುಡುಕುವವರು ಎರಡನೆಯ ಭಾಗದ ಆರಂಭಕ್ಕೆ ಹೋಗಬೇಕು: ‘ಸ್ಕಾರ್ಲೆಟ್ ಬಿಗೋನಿಯಾಸ್’ ಮತ್ತು ಅದರ ಬೆನ್ನಿಗೆ ‘ಫೈರ್ ಆನ್ ದಿ ಮೌಂಟನ್’. ಎರಡನೆಯ ಹಾಡನ್ನು ಅವರು ವೇದಿಕೆಯಲ್ಲಿ ಮೊದಲು ನುಡಿಸಿದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಇನ್ನೂ ಎರಡು ತಿಂಗಳು ತುಂಬದ ಕೂಸು. ಎರಡೂ ಹಾಡುಗಳ ಆಧಾರಸ್ವರ ಒಂದೇ ಆದ್ದರಿಂದ ನಡುವೆ ಗೋಡೆ ಇಲ್ಲ. ಮೊದಲ ಹಾಡಿನ ಸಾಹಿತ್ಯ ಮುಗಿದ ಮೇಲೆ ವಾದನ ಹಗುರಾಗಿ ಸುತ್ತತೊಡಗುತ್ತದೆ. ‘ಗಾರ್ಸಿಯಾ ಅವರ ಸೋಲೋ ಅದ್ಭುತ’ ಎಂದು ಬರೆಯುವವರು ಇಲ್ಲಿ ಅವರನ್ನು ಹತ್ತು ನಿಮಿಷ ಬಿಟ್ಟುಬಿಡಲಿ. ಬೇಸ್ ಅನ್ನು ಹಿಡಿದು ಕೇಳಲಿ. ಕೀತ್ ಗಾಡ್‌ಶೋ ಅವರ ಪಿಯಾನೋ ಎಲ್ಲಿ ಸುಮ್ಮನಾಗುತ್ತದೆ ಎಂಬುದನ್ನು ಗಮನಿಸಲಿ. ಸುಮ್ಮನಾಗುವುದೂ ಜ್ಯಾಮ್‌ನಲ್ಲಿ ಒಂದು ಮಾತು. ಕೊನೆಗೆ ಬರುವ ‘ಮಾರ್ನಿಂಗ್ ಡ್ಯೂ’ ಹೃದಯ ಕಲಕುವಂಥದು, ಆದರೆ ಅದು ಕಟ್ಟಿದ ಏರಿಕೆ. ಎಲ್ಲಿಗೆ ಏರಬೇಕೆಂದು ಎಲ್ಲರಿಗೂ ಗೊತ್ತಿದೆ. ಅದನ್ನು ಜ್ಯಾಮ್‌ಗೆ ಉದಾಹರಣೆಯಾಗಿ ಕೊಡುವುದು ಬೇಡ.

ಹಳೆಯ ಟೇಪುಗಳ ಹೊದಿಕೆಯ ಮೇಲೆ ಈ ಎರಡು ಹಾಡುಗಳ ಹೆಸರಿನ ನಡುವೆ ಅಲ್ಪವಿರಾಮ ಇರುವುದಿಲ್ಲ, ಬಾಣದ ಗುರುತು ಇರುತ್ತದೆ. ನಿಲ್ಲದೆ ದಾಟಿದರು ಎಂದು ಅದರ ಅರ್ಥ. ಟೇಪು ಬರೆದುಕೊಂಡವರಿಗೆ ಹಾಡುಗಳಷ್ಟೇ ಆ ಬಾಣವೂ ಮುಖ್ಯವಾಗಿತ್ತು. ಇವತ್ತು ಮೊಬೈಲ್‌ನಲ್ಲಿ ಹಾಡುಗಳನ್ನು ಬಿಡಿಬಿಡಿಯಾಗಿ ಆರಿಸಿ, ಹಿಂದುಮುಂದಾಗಿ ಕಲೆಸಿ ಕೇಳುವವರು ಆ ಬಾಣವನ್ನೇ ಕತ್ತರಿಸಿ ಎಸೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಶ್ರುತಿ ಸರಿಮಾಡಿಕೊಳ್ಳುವ ಸದ್ದು, ಜನರ ಕೂಗು, ಹಾಡು ಹಾಡಿನ ನಡುವಿನ ತಡವರಿಕೆ, ಎಲ್ಲದರ ಜೊತೆಗೇ ಇಡಿಯಾಗಿ ಕೇಳಿ.

ಮಾವನಿಗೆ ಮುಂದಿನ ಭಾನುವಾರ ಕಾರ್ನೆಲ್‌ನ ಈ ಭಾಗವನ್ನು ಕೇಳಿಸಿದೆ. ಪಕ್ಕವಾದ್ಯದ ಪ್ರಶ್ನೆ ಈ ಸಲ ಅವರು ಎತ್ತಲಿಲ್ಲ. ಕಣ್ಣು ಮುಚ್ಚಿ ಕುಳಿತಿದ್ದರು, ಬೆರಳು ತೊಡೆಯ ಮೇಲೆ ಆಡುತ್ತಿತ್ತು. ಬಹಳ ಹೊತ್ತಿನ ಮೇಲೆ, “ಎರಡನೆಯ ಹಾಡು ಯಾವಾಗ ಶುರುವಾಗುತ್ತದೆ?” ಎಂದು ಕೇಳಿದರು. ಮೊಬೈಲ್ ಪರದೆಯ ಮೇಲೆ ಅದರ ಹೆಸರು ಬಂದು ಆಗಲೇ ಹಲವು ನಿಮಿಷ ಕಳೆದಿತ್ತು.