ಕ್ವಿಕ್‌ಲೋಡ್ ಮಾಡಿದ ಮಾತ್ರಕ್ಕೆ ಲೈಬ್ರರಿ ನಿಮ್ಮ ಪ್ರಾಜೆಕ್ಟಿಗೆ ಸೇರುವುದಿಲ್ಲ

ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವ ತರುಣರು ಬೆಳಗಾವಿಯಲ್ಲಿ ಬೆರಳೆಣಿಕೆಯಷ್ಟೇ ಇರಬಹುದು. ಬಾಗಲಕೋಟೆ, ವಿಜಯಪುರಗಳಿಂದ ಇಲ್ಲಿಗೆ ಕೆಲಸಕ್ಕೆ ಬಂದವರನ್ನು ಸೇರಿಸಿದರೂ ಆ ಸಂಖ್ಯೆ ದೊಡ್ಡದಾಗುವುದಿಲ್ಲ. ಆದರೂ ಅವರಲ್ಲಿ ಯಾರು ನನ್ನ ಬಳಿ ಬಂದರೂ ತರುವ ದೂರು ಒಂದೇ: "ಸರ್, ನಿನ್ನೆ ಚೆನ್ನಾಗಿಯೇ ಓಡುತ್ತಿತ್ತು, ಇವತ್ತು ಲೈಬ್ರರಿಯೇ ಇಲ್ಲ ಎನ್ನುತ್ತಿದೆ." ನನ್ನ ಬಳಿ ಬರುವಷ್ಟರಲ್ಲಿ ಅವರು ಲೈಬ್ರರಿಗಳನ್ನು ತಂದುಕೊಡುವ ಕ್ವಿಕ್‌ಲಿಸ್ಪನ್ನು ಅಳಿಸಿ ಮತ್ತೆ ಹಾಕಿಕೊಂಡಿರುತ್ತಾರೆ, ಲಿಸ್ಪನ್ನು ಓಡಿಸುವ ಎಸ್‌ಬಿಸಿಎಲ್‌ನ ಹೊಸ ಆವೃತ್ತಿಯನ್ನು ಇಳಿಸಿಕೊಂಡಿರುತ್ತಾರೆ, ಕೆಲವರು ಲಿನಕ್ಸನ್ನೇ ಬದಲಿಸಿರುತ್ತಾರೆ. ಇದಾವುದೂ ಬೇಕಿರಲಿಲ್ಲ. ಲೈಬ್ರರಿ ಡಿಸ್ಕಿನಲ್ಲಿರುವುದು, ಓಡುತ್ತಿರುವ ಲಿಸ್ಪ್ ಇಮೇಜಿನಲ್ಲಿ (ಅಂದರೆ ಮೆಮೊರಿಯಲ್ಲಿ ಜೀವಂತವಾಗಿರುವ ಲಿಸ್ಪಿನಲ್ಲಿ) ಇರುವುದು, ಪ್ರಾಜೆಕ್ಟಿನಲ್ಲಿ ನಮೂದಾಗಿರುವುದು, ಈ ಮೂರೂ ಬೇರೆ ಬೇರೆ ಸಂಗತಿಗಳೆಂಬುದು ಅವರಿಗೆ ಮನದಟ್ಟಾಗಿರುವುದಿಲ್ಲ, ಅಷ್ಟೇ.

ಕ್ವಿಕ್‌ಲಿಸ್ಪ್ ಹಾಕಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸುವುದಿಲ್ಲ. ಅದು ಕೆಲವೇ ನಿಮಿಷಗಳ ಕೆಲಸ. ಆದರೆ ಯಾವ ಉಪಕರಣ ಏನು ಮಾಡುತ್ತದೆ ಎಂಬುದು ಗೊತ್ತಿರಬೇಕು. ಭಾಷೆಯ 1994ರ ಆನ್ಸಿ ಮಾನಕವು ಹೊರಗಿನ ಲೈಬ್ರರಿಗಳನ್ನು ಎಲ್ಲಿಂದ ತರಬೇಕು, ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ಹೇಳುವುದಿಲ್ಲ. ಆ ಕೊರತೆಯನ್ನು ಬಳಕೆದಾರರೇ ತುಂಬಿಕೊಂಡರು. ಡೇನಿಯಲ್ ಬಾರ್ಲೋ ಆರಂಭಿಸಿ, ಮುಂದೆ ಫಾರೆ ರಿಡೋ ಬಹುಮಟ್ಟಿಗೆ ಹೊಸದಾಗಿ ಬರೆದ ಎಎಸ್‌ಡಿಎಫ್, ಒಂದು ಸಿಸ್ಟಮ್‌ನಲ್ಲಿ (ಅಂದರೆ ಒಟ್ಟಾಗಿ ಲೋಡ್ ಆಗುವ ಲೈಬ್ರರಿ ಅಥವಾ ಪ್ರಾಜೆಕ್ಟಿನಲ್ಲಿ) ಯಾವ ಕಡತಗಳಿವೆ, ಅದು ಯಾವ ಸಿಸ್ಟಮ್‌ಗಳನ್ನು ಅವಲಂಬಿಸಿದೆ ಎಂಬುದನ್ನು ಎಎಸ್‌ಡಿ ಕಡತದಿಂದ ಓದಿ, ಕಂಪೈಲ್ ಮಾಡಿ, ಲೋಡ್ ಮಾಡುತ್ತದೆ. ಝ್ಯಾಕ್ ಬೀನ್ 2010ರಲ್ಲಿ ಹೊರತಂದ ಕ್ವಿಕ್‌ಲಿಸ್ಪ್ ಅದರ ಮೇಲೆ ನಿಂತು, ಇಲ್ಲದ ಸಿಸ್ಟಮ್‌ಗಳನ್ನು ಅಂತರ್ಜಾಲದಿಂದ ತಂದುಕೊಡುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇದನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ನೀವು ಆರ್‌ಇಪಿಎಲ್‌ನಲ್ಲಿ, ಅಂದರೆ ಲಿಸ್ಪಿಗೆ ನೇರವಾಗಿ ಆಜ್ಞೆ ಕೊಡುವ ಕಿಟಕಿಯಲ್ಲಿ, ಒಂದು ಲೈಬ್ರರಿಯನ್ನು ಕ್ವಿಕ್‌ಲಿಸ್ಪಿನ ಆಜ್ಞೆಯಿಂದ ಕ್ವಿಕ್‌ಲೋಡ್ ಮಾಡಿದಾಗ ಎರಡು ಕೆಲಸ ನಡೆಯುತ್ತವೆ. ಆ ಲೈಬ್ರರಿ ಡಿಸ್ಕಿನಲ್ಲಿ ಇಲ್ಲದಿದ್ದರೆ ಇಳಿದು ಬರುತ್ತದೆ. ಇದು ಒಮ್ಮೆ ಮಾತ್ರ. ಬಳಿಕ ಅದು ಆ ಹೊತ್ತಿನಲ್ಲಿ ಓಡುತ್ತಿರುವ ಇಮೇಜಿನೊಳಗೆ ಲೋಡ್ ಆಗುತ್ತದೆ. ಇದು ಆ ಇಮೇಜ್ ಜೀವಂತವಾಗಿರುವವರೆಗೆ ಮಾತ್ರ. ಮೂರನೆಯ ಕೆಲಸ, ಅಂದರೆ ನಿಮ್ಮ ಪ್ರಾಜೆಕ್ಟಿಗೆ ಈ ಲೈಬ್ರರಿ ಬೇಕು ಎಂದು ಬರೆದಿಡುವುದು, ನಡೆಯುವುದೇ ಇಲ್ಲ. ಅದನ್ನು ಎಎಸ್‌ಡಿ ಕಡತದ ಡಿಪೆಂಡ್ಸ್-ಆನ್ ಪಟ್ಟಿಯಲ್ಲಿ ನೀವೇ ಬರೆಯಬೇಕು. ಹಗೇವಿನಲ್ಲಿ ಜೋಳ ತುಂಬಿದ ಮಾತ್ರಕ್ಕೆ ತಾಟಿನಲ್ಲಿ ರೊಟ್ಟಿ ಬಂದು ಬೀಳುವುದಿಲ್ಲ ಎಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ; ಲೈಬ್ರರಿಯ ವಿಷಯದಲ್ಲಿ ಮಾತ್ರ ಅದನ್ನು ಪದೇ ಪದೇ ಹೇಳಬೇಕಾಗುತ್ತದೆ.

ಇದು ಬೇಗ ಬಯಲಾಗದಿರುವುದಕ್ಕೆ ಲಿಸ್ಪಿನ ಒಳ್ಳೆಯ ಗುಣವೇ ಕಾರಣ. ಇಮ್ಯಾಕ್ಸ್ ಎಡಿಟರಿನಲ್ಲಿ ಲಿಸ್ಪಿಗೆಂದೇ ಇರುವ ಸ್ಲೈಮ್ ತೆರೆದು ಕುಳಿತವರು ಒಂದೇ ಇಮೇಜನ್ನು ದಿನಗಟ್ಟಲೆ ಮುಚ್ಚದೆ ಕೆಲಸ ಮಾಡುತ್ತಾರೆ. ಸೋಮವಾರ ಪ್ರಯೋಗಕ್ಕೆಂದು ಲೋಡ್ ಮಾಡಿದ್ದು ಗುರುವಾರವೂ ಅಲ್ಲೇ ಇರುತ್ತದೆ. ಒಂದು ಲೈಬ್ರರಿ ತನ್ನ ಅವಲಂಬನೆಗಳನ್ನೂ ಜೊತೆಗೆ ಕರೆತರುತ್ತದೆ. ವೆಬ್ ಸರ್ವರಿನೊಡನೆ ಮಾತಾಡುವ ಡ್ರಾಕ್ಮಾವನ್ನು ಲೋಡ್ ಮಾಡಿದರೆ ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಸಿಎಲ್-ಪಿಪಿಸಿಆರ್‌ಇ ತಾನಾಗಿಯೇ ಬರುತ್ತದೆ, ಎರಡನೆಯದನ್ನು ಕೇಳದೆಯೇ ನೀವು ಬಳಸತೊಡಗುತ್ತೀರಿ. ಇನ್ನು ಕೆಲವರು ಎಸ್‌ಬಿಸಿಎಲ್ ಆರಂಭವಾಗುವಾಗ ಓದುವ ಸ್ವಂತ ಕಡತದಲ್ಲೇ ನಾಲ್ಕಾರು ಕ್ವಿಕ್‌ಲೋಡ್ ಸಾಲುಗಳನ್ನು ಸೇರಿಸಿಕೊಂಡಿರುತ್ತಾರೆ. ಹೀಗೆ ಮಾಡಬೇಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ, ಏಕೆಂದರೆ ಆ ಬಳಿಕ ಹೊಸ ಇಮೇಜ್ ತೆರೆದರೂ ತಪ್ಪು ಮುಚ್ಚಿಕೊಂಡೇ ಇರುತ್ತದೆ.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗಿನ ಒಂದು ಫೌಂಡ್ರಿಗೆಂದು ಮುಧೋಳ ಕಡೆಯ ಹುಡುಗನೊಬ್ಬ ಕುಲುಮೆಯ ದಾಖಲೆಗಳನ್ನು ಓದಿ ವರದಿ ತಯಾರಿಸುವ ಪ್ರೋಗ್ರಾಮ್ ಬರೆದಿದ್ದ. ಜಾಣ, ಸಂಕೋಚದ ಸ್ವಭಾವದವನು. ಬರೆದ ಲಿಸ್ಪ್ ಓದಲು ಸಂತೋಷವಾಗುವಷ್ಟು ಅಚ್ಚುಕಟ್ಟಾಗಿತ್ತು. ವರದಿಯನ್ನು ಕಚೇರಿಯ ಸರ್ವರಿಗೆ ಕಳಿಸುವುದು ಬೇಡ, ಅಲ್ಲೇ ಮುದ್ರಿಸಿದರೆ ಸಾಕು ಎಂದು ಮಾಲೀಕರು ಹೇಳಿದ್ದರಿಂದ ಎಎಸ್‌ಡಿ ಕಡತದಿಂದ ಡ್ರಾಕ್ಮಾವನ್ನು ತೆಗೆದುಹಾಕಿದ. ಅವನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಓಡಿತು. ಫೌಂಡ್ರಿಯ ಕಂಪ್ಯೂಟರಿನಲ್ಲಿ ಮಾತ್ರ ಸಿಎಲ್-ಪಿಪಿಸಿಆರ್‌ಇ ಎಂಬ ಪ್ಯಾಕೇಜ್ (ಲೈಬ್ರರಿಯ ಹೆಸರುಗಳ ಗುಂಪು) ಇಲ್ಲವೆಂಬ ದೋಷವೂ, ಅದರ ಕೆಳಗೆ ಸೊನ್ನೆಯಿಂದ ಎಣಿಸಿದ ರೀಸ್ಟಾರ್ಟ್‌ಗಳ (ಮುಂದೇನು ಮಾಡಬೇಕೆಂಬ ಆಯ್ಕೆಗಳ) ಸಾಲೂ ಪರದೆಯ ಮೇಲೆ ಬಂದು ನಿಂತವು. ದಾಖಲೆಯ ಸಾಲುಗಳನ್ನು ಬಿಡಿಸಲು ಅವನು ಬಳಸಿದ್ದು ಅದೇ ಲೈಬ್ರರಿಯನ್ನು, ಆದರೆ ಅದನ್ನು ಎಲ್ಲಿಯೂ ನಮೂದಿಸಿರಲಿಲ್ಲ. ಗಾಬರಿಯಿಂದ ಕಡತದ ತಲೆಯಲ್ಲೇ ಕ್ವಿಕ್‌ಲೋಡ್ ಸಾಲು ಸೇರಿಸಿದ. ಆ ಕಂಪ್ಯೂಟರಿಗೆ ಇಂಟರ್ನೆಟ್ ಇರಲಿಲ್ಲವಾದ್ದರಿಂದ ಅದೂ ಕೈಕೊಟ್ಟಿತು.

ಪರಿಹಾರ ಸರಳವಾಗಿತ್ತು. ನಿಮ್ಮ ಸೋರ್ಸ್ ಕಡತಗಳಲ್ಲಿ ನೇರವಾಗಿ ಹೆಸರಿಸುವ ಪ್ರತಿಯೊಂದು ಲೈಬ್ರರಿಯೂ ಡಿಪೆಂಡ್ಸ್-ಆನ್ ಪಟ್ಟಿಯಲ್ಲಿರಬೇಕು, ಅದು ಬೇರೊಂದರ ಜೊತೆ ಹೇಗೂ ಬರುತ್ತದೆ ಎಂದು ಗೊತ್ತಿದ್ದರೂ ಸಹ. ಪ್ರಾಜೆಕ್ಟನ್ನು ಕ್ವಿಕ್‌ಲಿಸ್ಪಿನ ಲೋಕಲ್-ಪ್ರಾಜೆಕ್ಟ್ಸ್ ಫೋಲ್ಡರಿನಲ್ಲಿಡಿ. ಬಳಿಕ ಸ್ಲೈಮ್ ಬಿಟ್ಟು ಟರ್ಮಿನಲ್ಲಿಗೆ ಬಂದು, ಆರಂಭದ ಸ್ವಂತ ಕಡತವನ್ನು ಓದದಂತೆ ಮಾಡುವ ನೋ-ಯೂಸರ್‌ಇನಿಟ್ ಆಯ್ಕೆಯೊಂದಿಗೆ ಎಸ್‌ಬಿಸಿಎಲ್ ಆರಂಭಿಸಿ, ಕ್ವಿಕ್‌ಲಿಸ್ಪಿನ ಸೆಟಪ್ ಕಡತವೊಂದನ್ನೇ ಲೋಡ್ ಮಾಡಿ, ನಿಮ್ಮ ಸಿಸ್ಟಮನ್ನು ಮಾತ್ರ ಕ್ವಿಕ್‌ಲೋಡ್ ಮಾಡಿ. ಬಿಟ್ಟುಹೋದ ಹೆಸರುಗಳಲ್ಲಿ ಹೆಚ್ಚಿನವು ಇಲ್ಲಿಯೇ ಸಿಕ್ಕಿಬೀಳುತ್ತವೆ. ಎಲ್ಲವೂ ಸಿಕ್ಕಿಬೀಳುತ್ತವೆ ಎಂದು ನಾನು ಹೇಳಲಾರೆ, ಏಕೆಂದರೆ ಜೊತೆಯಲ್ಲಿ ಬಂದ ಲೈಬ್ರರಿಯ ತಪ್ಪು ಅದನ್ನು ಕರೆತಂದದ್ದು ಹೋಗುವವರೆಗೆ ಕಾಣಿಸುವುದಿಲ್ಲ.

ಇಂಟರ್ನೆಟ್ ಇಲ್ಲದ ಕಂಪ್ಯೂಟರಿಗೆ ಕ್ವಿಕ್‌ಲಿಸ್ಪಿನಲ್ಲೇ ಇರುವ ಬಂಡಲ್-ಸಿಸ್ಟಮ್ಸ್ ಸೌಲಭ್ಯದಿಂದ ಬೇಕಾದ ಸಿಸ್ಟಮ್‌ಗಳನ್ನೆಲ್ಲ ಒಂದೇ ಫೋಲ್ಡರಿಗೆ ತುಂಬಿ ಒಯ್ಯಬಹುದು; ಇಲ್ಲವೇ ಎಸ್‌ಬಿಸಿಎಲ್‌ನ ಸೇವ್-ಲಿಸ್ಪ್-ಅಂಡ್-ಡೈ ಬಳಸಿ ಇಡೀ ಇಮೇಜನ್ನೇ ಓಡಿಸಬಹುದಾದ ಕಡತವಾಗಿ ಉಳಿಸಬಹುದು. ಎರಡರಲ್ಲೂ ಒಂದು ಎಚ್ಚರ ಬೇಕು. ಸುರಕ್ಷಿತ ಸಂಪರ್ಕಕ್ಕೆ ಬೇಕಾಗುವ ಸಿಎಲ್+ಎಸ್‌ಎಸ್‌ಎಲ್‌ನಂತಹ ಲೈಬ್ರರಿಗಳು ಸಿ ಭಾಷೆಯ ಓಪನ್‌ಎಸ್‌ಎಸ್‌ಎಲ್ ಅನ್ನು ಅವಲಂಬಿಸಿವೆ, ಕ್ವಿಕ್‌ಲಿಸ್ಪ್ ಅದನ್ನು ತಂದುಕೊಡುವುದಿಲ್ಲ. ಓಡಿಸುವ ಯಂತ್ರದಲ್ಲಿ ಅದು ಇದೆಯೇ ಎಂದು ನೀವೇ ನೋಡಿಕೊಳ್ಳಬೇಕು.

ಲೋಡ್ ಮಾಡುವ ಸಾಲನ್ನೂ ಬಳಸುವ ಸಾಲನ್ನೂ ಹಲವು ಸಾಲುಗಳನ್ನು ಒಂದಾಗಿ ಕಟ್ಟುವ ಒಂದೇ ಪ್ರೋಗ್‌ಎನ್ ಒಳಗಿಟ್ಟು ಪ್ಯಾಕೇಜ್ ಇಲ್ಲ ಎಂಬ ದೋಷ ಪಡೆಯುವವರೂ ಇದ್ದಾರೆ. ಲಿಸ್ಪಿನಲ್ಲಿ ಕೋಡನ್ನು ಓದುವ ಭಾಗವಾದ ರೀಡರ್ ಇಡೀ ಫಾರ್ಮನ್ನು, ಅಂದರೆ ಆವರಣದೊಳಗಿನ ಇಡೀ ತುಣುಕನ್ನು, ಮೊದಲು ಓದಿ ಮುಗಿಸುತ್ತದೆ, ಅದರ ಬಳಿಕವೇ ಕ್ವಿಕ್‌ಲೋಡ್ ನಡೆಯುತ್ತದೆ. ಓದುವ ಹೊತ್ತಿಗೆ ಆ ಪ್ಯಾಕೇಜ್ ಹುಟ್ಟಿಯೇ ಇರುವುದಿಲ್ಲ. ಅವಲಂಬನೆಯನ್ನು ಎಎಸ್‌ಡಿ ಕಡತಕ್ಕೆ ಒಪ್ಪಿಸಿದವರಿಗೆ ಈ ತೊಡಕು ಎದುರಾಗುವುದಿಲ್ಲ, ಏಕೆಂದರೆ ಎಎಸ್‌ಡಿಎಫ್ ಅಲ್ಲಿ ನಮೂದಿಸಿದ ಸಿಸ್ಟಮ್‌ಗಳನ್ನೆಲ್ಲ ಲೋಡ್ ಮಾಡಿದ ಮೇಲಷ್ಟೇ ನಿಮ್ಮ ಮೊದಲ ಕಡತವನ್ನು ಮುಟ್ಟುತ್ತದೆ.