ಹಂಪಿನ ಕೆಳಗೆ ಡೈನಮೋ ಇಟ್ಟರೆ ಪುಕ್ಕಟೆ ಕರೆಂಟು ಸಿಗಲ್ವಾ?

"ಮೇಷ್ಟ್ರೇ, ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಇಷ್ಟೊಂದು ಗಾಡಿ ಓಡುತ್ತವೆ. ಹಂಪಿನ ಕೆಳಗೆ ಡೈನಮೋ ಕೂರಿಸಿದರೆ ಬೀದಿ ದೀಪ ಪುಕ್ಕಟೆ ಉರಿಯಲ್ವಾ?"

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನ ಮುಗಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ. ಗಾಡಿಯ ಭಾರಕ್ಕೆ ಹಂಪಿನ ತಟ್ಟೆ ಕೆಳಗಿಳಿದು ಡೈನಮೋ ತಿರುಗಿದರೆ ಕರೆಂಟು ಬರುತ್ತದೆ. ಪುಕ್ಕಟೆ ಬರುವುದಿಲ್ಲ.

1000 ಕೆಜಿ ಕಾರು ಹಂಪಿನ ತಟ್ಟೆಯನ್ನು 10 ಸೆಂಟಿಮೀಟರ್ ಒತ್ತಿದರೆ ಸಿಗುವುದು ಸುಮಾರು 980 ಜೌಲ್. ಒಂದು ಯೂನಿಟ್ ಅಂದರೆ 36 ಲಕ್ಷ ಜೌಲ್. ಏನೂ ಸೋರದಿದ್ದರೂ 3,600ಕ್ಕಿಂತ ಜಾಸ್ತಿ ಕಾರು ಬೇಕು. ಸ್ಪ್ರಿಂಗು, ಗೇರಿನಲ್ಲಿ ಅರ್ಧ ಹೋದರೆ 7,000 ದಾಟುತ್ತದೆ. ಮನೆ ಮೇಲಿನ ಒಂದು ಕಿಲೋವ್ಯಾಟ್ ಸೋಲಾರು ಒಳ್ಳೆ ಬಿಸಿಲಿನ ದಿನ ನಾಲ್ಕು ಯೂನಿಟ್ ಕೊಡುತ್ತದೆ.

"ಹೇಗೂ ಸುಮ್ನೆ ಹಾಳಾಗೋ ಶಕ್ತಿ ಅಲ್ವಾ?" ಎನ್ನುತ್ತೀರಿ. ಈ ಮಾತು ಮಾತ್ರ ಬೇರು ಸಮೇತ ಹೋಗಬೇಕು. ಕಳೆದ ಸಲ ಒಬ್ಬ ಹುಡುಗಿ ಥರ್ಮೋಕೋಲ್ ರಸ್ತೆ ಮಾಡಿದ್ದಳು. ಹಂಪನ್ನು ಹೆಬ್ಬೆರಳಲ್ಲಿ ಒತ್ತಿದಾಗಲೆಲ್ಲ ಕೆಂಪು ಬಲ್ಬು ಮಿಣಕ್ ಅನ್ನುತ್ತಿತ್ತು. "ಬಲ್ಬು ಹತ್ತಿಸಿದ್ದು ಯಾರು?" ಎಂದೆ. ಬೆರಳು ನೋಡಿಕೊಂಡು "ನಾನೇ ಸರ್" ಎಂದಳು. ಸರಿಯಾದ ಉತ್ತರ! ತಟ್ಟೆ ಕೆಳಗಿಳಿದರೆ ಚಕ್ರ ಗುಂಡಿಗೆ ಬಿದ್ದಂತೆ. ಮೇಲೆ ಹತ್ತಲು ಆಕ್ಸಿಲರೇಟರ್ ಒತ್ತಲೇಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ ಶಾಖವಿದೆ. ಚಕ್ರಕ್ಕೆ ತಲುಪುವುದು ಅದರ ಕಾಲು ಭಾಗ. ಹಂಪಿನಲ್ಲಿ ಮತ್ತರ್ಧ ಹೋದರೆ ಉಳಿಯುವುದು ಹೆಚ್ಚುಕಡಿಮೆ ಒಂದು ಯೂನಿಟ್. ಅಂದರೆ ಹತ್ತು ರೂಪಾಯಿಯೂ ಬಾಳದ ಕರೆಂಟಿಗೆ ನೂರು ರೂಪಾಯಿಯ ಪೆಟ್ರೋಲು. ದುಡ್ಡು ಹೋಗುವುದು ಆಟೋದವರ ಜೇಬಿನಿಂದ.

"ಜೋಗದಲ್ಲಿ ನೀರಿನಿಂದ 1948ರಿಂದ ಪುಕ್ಕಟೆ ಕರೆಂಟು ಬರ್ತಿಲ್ವಾ?" ಬರುತ್ತಿದೆ. ಆದರೆ ಆ ನೀರನ್ನು ಮೋಡ ಮಾಡಿ ಘಟ್ಟದ ಮೇಲೆ ಹೊತ್ತು ತಂದದ್ದು ಸೂರ್ಯ. ಅದಕ್ಕೆ ಯಾರೂ ಬಿಲ್ ಕಟ್ಟಿಲ್ಲ.

ಹೇಗೂ ಬ್ರೇಕ್ ಹಾಕಲೇಬೇಕಾದ ಕಡೆ, ಉದಾಹರಣೆಗೆ ಟೋಲ್ ಗೇಟಿನ ಮುಂದೆ, ಹಂಪಿನ ವಾದ ಸ್ವಲ್ಪ ನಿಲ್ಲುತ್ತದೆ. ಆದರೆ ನಮ್ಮ ಮಳೆ, ಕೆಸರು, ತುಕ್ಕಿನಲ್ಲಿ ಅದರ ರಿಪೇರಿಗೇ ಬಂದ ಲಾಭವೆಲ್ಲ ಸಾಲದು.

ನೀವು ಕೇಳಬೇಕಾಗಿದ್ದದ್ದು ಘಾಟಿಯ ಬಗ್ಗೆ. 1500 ಕೆಜಿಯ ಎಲೆಕ್ಟ್ರಿಕ್ ಕಾರು 500 ಮೀಟರ್ ಎತ್ತರದಿಂದ ಇಳಿಯುವಾಗ ಎರಡು ಯೂನಿಟ್ ಶಕ್ತಿ ಬಿಡುಗಡೆಯಾಗುತ್ತದೆ. ಹಂಪಿನಲ್ಲಿ ಒಂದು ಯೂನಿಟ್‌ಗೇ ಏಳು ಸಾವಿರ ಕಾರು ಬೇಕೆಂಬ ಲೆಕ್ಕ ನೆನಪಿದೆಯಲ್ವಾ? ಪೆಟ್ರೋಲ್ ಕಾರಿನಲ್ಲಿ ಅದೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಇಲ್ಲಿ ಮೋಟರೇ ಡೈನಮೋ ಆಗಿ ಒಳ್ಳೆ ಪಾಲನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ. ಒಂದೇ ಎಚ್ಚರ: ಆಗುಂಬೆಯಲ್ಲೇ ಪೂರ್ತಿ ಚಾರ್ಜ್ ಮಾಡಿಕೊಂಡು ಇಳಿಯಬೇಡಿ. ಬ್ಯಾಟರಿಯಲ್ಲಿ ತುಂಬಿಸಲು ಜಾಗವೇ ಇರುವುದಿಲ್ಲ.